ತೊಟ್ಟಿಲು ತೂಗುವ ಇಲಾಖೆ

ಜೂನ್ 4

ಕಡ್ಡಿ,

ಕ್ಷೇಮ ಸಮಾಚಾರವನ್ನೆಲ್ಲ ಕೊನೆಗೆ ಕೇಳುತ್ತೇನೆ, ಮೊದಲು ಜಗಳ. ಫೋನಿನಲ್ಲಿ ಶುರು ಮಾಡಿದರೆ “ಮೀಟಿಂಗಲ್ಲಿದ್ದೀನಿ ಅತ್ತಿಗೆ” ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ.

ನಮ್ಮ ಶಿಶುಮನೆಗೆ ನಿನ್ನ ಇಲಾಖೆಯ ಸುತ್ತೋಲೆ ಬಂದಿದೆ. ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಶಿಶುಮನೆಗಳಿಗೆ ಇನ್ನು ಮುಂದೆ ‘ಕಲಿಕೆಯ ಗಂಟೆ’ಗಳಿಗೆ ಮಾತ್ರ ಅನುದಾನವಂತೆ. ಮಗು ಎದ್ದಿದ್ದರೆ ಕಲಿಕೆ. ಮಲಗಿದರೆ ಕಲಿಕೆಯಲ್ಲ, ಆ ಹೊತ್ತಿಗೆ ದುಡ್ಡಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ, ಅಕ್ಷರಗಳು ಬದಲಾಗಲಿಲ್ಲ. ನಿಮ್ಮಣ್ಣನಿಗೆ ಕೊಟ್ಟೆ. ಸೈಕಲ್ ಅಂಗಡಿಯ ಗ್ರೀಸು ಮೆತ್ತಿದ ಕೈಯಲ್ಲೇ ಹಿಡಿದು ಓದಿ, “ಹಾಗಾದ್ರೆ ಕಾವಲುಗಾರನಿಗೂ ಕಳ್ಳ ಬಂದ ದಿನ ಮಾತ್ರ ಸಂಬಳ ಕೊಡಲಿ” ಅಂದರು. ವರ್ಷಕ್ಕೊಂದು ಮಾತಾಡಿದರೂ ಮನುಷ್ಯ ಸರಿಯಾಗಿ ಆಡುತ್ತಾರೆ.

ಸುತ್ತೋಲೆಯ ಬೆನ್ನಿಗೇ ಮೇಲ್ವಿಚಾರಕಿಯೂ ಬಂದಳು. ಪಾಪ, ಹೊಸಬಳು, ಬಿಸಿಲಲ್ಲಿ ನಡೆದು ಮುಖವೆಲ್ಲ ಕೆಂಪಾಗಿತ್ತು. ನೀರು ಕೊಟ್ಟೆ. ಕುಡಿದವಳೇ ಬಾಗಿಲಲ್ಲಿ ನಿಂತು ತೆರೆದ ಕಣ್ಣುಗಳನ್ನು ಎಣಿಸಲು ಶುರು ಮಾಡಿದಳು. ಮಧ್ಯಾಹ್ನದ ಹೊತ್ತು, ಹಾಲು ಕುಡಿದು ಹನ್ನೊಂದು ಮಕ್ಕಳೂ ಚಾಪೆಯ ಮೇಲೆ ಉರುಳಿದ್ದವು. ಒಂದು ಮಾತ್ರ ಅರೆಗಣ್ಣು ಬಿಟ್ಟುಕೊಂಡಿತ್ತು.

“ಇದು ಮಲಗಿದೆಯಾ, ಎದ್ದಿದೆಯಾ?” ಅಂದಳು.

“ಅದನ್ನೇ ಕೇಳಿ ನೋಡಿ” ಅಂದೆ.

ಅವಳು ನಿಜವಾಗಿಯೂ ಬಗ್ಗಿದಳು. ನಗು ಬಂತು, ಆಮೇಲೆ ಅಳು ಬಂತು, ಕೊನೆಗೆ ಉಳಿದದ್ದು ಸಿಟ್ಟು. ಈಗ ಈ ಕಾಗದ ಬರೆಯುತ್ತಿರುವುದು ಆ ಉಳಿದದ್ದೇ.

ಪೋಸ್ಟರುಗಳಲ್ಲಿ ‘ಹುಟ್ಟಿದಂದಿನಿಂದಲೇ ಕಲಿಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತೀರಿ. ನಮ್ಮ ಗೋಡೆಗೇ ಎರಡು ಅಂಟಿಸಿ ಹೋಗಿದ್ದಾರೆ. ಆಮೇಲೆ ಹುಟ್ಟಿದ ಮಗು ಮಾಡುವ ಮೊದಲ ಕೆಲಸವಾದ ನಿದ್ದೆಗೇ ಕತ್ತರಿ ಹಾಕುತ್ತೀರಿ. ಮಗುವನ್ನು ಚಿವುಟುವುದೂ ನೀವೇ, ತೊಟ್ಟಿಲು ತೂಗುವುದೂ ನೀವೇ. ಇದನ್ನು ಬರೆದ ಪುಣ್ಯಾತ್ಮ ಯಾರು? ನೀನು ಅಲ್ಲೇ ಕೂತಿದ್ದೀಯ, ನಿನಗೆ ಗೊತ್ತಿರಲೇಬೇಕು. ಅವನ ವಿಳಾಸ ಕೊಡು, ಅವನಿಗೂ ಒಂದು ಕಾಗದ ಬರೆಯುತ್ತೇನೆ.

ಬುಗುರಿ ಹೇಗಿದ್ದಾಳೆ? ನಿನ್ನ ಮಗಳು ಹಾಸ್ಟೆಲಿನ ಊಟಕ್ಕೆ ಇಳಿದುಹೋಗಿದ್ದಾಳೆ ಎಂದು ನಿಮ್ಮಣ್ಣನಿಗೆ ಚಿಂತೆ. ನಿನ್ನ ಬೆನ್ನುನೋವು?

ನಿನ್ನ ಅತ್ತಿಗೆ


ಜೂನ್ 17

ಅತ್ತಿಗೆ,

ನಿಮ್ಮ ಕಾಗದ ತಲುಪಿತು. ಹೌದು, ಮೇಜಿನ ಮೇಲೆ ಬಿದ್ದುಕೊಂಡು ನನ್ನನ್ನೇ ನೋಡುತ್ತಿತ್ತು. ಬೆನ್ನು ಪರವಾಗಿಲ್ಲ. ಬುಗುರಿ ಇಳಿದೂ ಇಲ್ಲ, ಏರಿಯೂ ಇಲ್ಲ, ಅಣ್ಣನಿಗೆ ಹೇಳಿ.

ಸುತ್ತೋಲೆಯ ವಿಷಯ. ದಯವಿಟ್ಟು ಪೂರ್ತಿ ಕೇಳಿ, ಆಮೇಲೆ ಬೈಯಿರಿ. ಈ ವರ್ಷ ಹಣಕಾಸಿನವರು ಮೂರು ವರ್ಷದೊಳಗಿನ ಮಕ್ಕಳ ಬಾಬತ್ತನ್ನೇ ತೆಗೆದುಹಾಕಬೇಕೆಂದು ಬಂದಿದ್ದರು. ಮೂರು ತುಂಬಿದ ಮೇಲೆ ಶಾಲೆಯಂಥ ಕಟ್ಟಡ ಇರುತ್ತದೆ, ಫೋಟೋ ಬರುತ್ತದೆ, ಉದ್ಘಾಟನೆ ಮಾಡಬಹುದು. ಅದಕ್ಕೂ ಚಿಕ್ಕ ಮಕ್ಕಳ ಕೆಲಸದಲ್ಲಿ ತೋರಿಸಲು ಏನೂ ಇರುವುದಿಲ್ಲ ಎಂಬುದು ಅವರ ವಾದ. ಪೂರ್ತಿ ಹೋಗುವುದಕ್ಕಿಂತ ಅರ್ಧ ಉಳಿಯಲಿ ಎಂದು ಈ ಏರ್ಪಾಡು ಆಯಿತು. ಇದು ಈ ವರ್ಷದ ಮಟ್ಟಿಗೆ. ಬರುವ ವರ್ಷ ಸರಿಪಡಿಸಬಹುದು.

ಅಲ್ಲಿಯವರೆಗೆ ಸ್ವಲ್ಪ ಹೊಂದಿಸಿಕೊಳ್ಳಿ. ಮಧ್ಯಾಹ್ನದ ನಿದ್ದೆಯನ್ನು ಕೊಂಚ ಕಡಿಮೆ ಮಾಡಿದರೆ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಮಲಗಿಸದಿದ್ದರೆ, ಗಂಟೆಗಳು ಅಷ್ಟೇನೂ ಕಡಿಮೆಯಾಗುವುದಿಲ್ಲ. ಬೇರೆ ಕೇಂದ್ರಗಳು ಹಾಗೆ ಮಾಡುತ್ತಿವೆ. ಮೇಲ್ವಿಚಾರಕಿಯ ಹತ್ತಿರ ಜಗಳಕ್ಕೆ ಹೋಗಬೇಡಿ, ಅವಳು ಹೇಳಿದ್ದನ್ನು ಮಾಡುವವಳು.

ಅಣ್ಣನ ಕಾವಲುಗಾರನ ಮಾತು ನನಗೂ ನಗು ತರಿಸಿತು.

ನಿಮ್ಮ
ನಾದಿನಿ


ಜುಲೈ 20

ಕಡ್ಡಿ,

ಎರಡು ಪುಟ ಬರೆದಿದ್ದೀಯ, ಕೇಳಿದ ಒಂದು ಪ್ರಶ್ನೆಗೆ ಉತ್ತರವಿಲ್ಲ. ‘ಏರ್ಪಾಡು ಆಯಿತು’ ಅಂತೆ. ಮಳೆ ಆಗುತ್ತದೆ, ನೆಗಡಿ ಆಗುತ್ತದೆ. ಏರ್ಪಾಡನ್ನು ಯಾರಾದರೂ ಮಾಡಬೇಕು.

ಈ ತಿಂಗಳು ಬಂದ ಅನುದಾನ ಅರ್ಧಕ್ಕಿಂತ ಕಡಿಮೆ. ನೀನು ಹೇಳಿದ ಹಾಗೆ ಹೊಂದಿಸಿಕೊಳ್ಳಲು ನೋಡಿದೆ, ಅದನ್ನೂ ಕೇಳು. ಮೊನ್ನೆ ಮೇಲ್ವಿಚಾರಕಿಯ ಚಪ್ಪಲಿ ಸದ್ದು ಗೇಟಿನಲ್ಲಿ ಕೇಳಿತು. ಹತ್ತು ತಿಂಗಳ ಗಂಡು ಮಗುವೊಂದು ನನ್ನ ತೊಡೆಯ ಮೇಲೆ ಕಣ್ಣು ಮುಚ್ಚುತ್ತಿತ್ತು. ನಾನು ಗಿಲಕಿ ತೆಗೆದು ಅದರ ಮೂಗಿನ ಮುಂದೆ ಆಡಿಸಿದೆ. ಅದು ಕಣ್ಣು ತೆರೆಯಿತು, ನನ್ನನ್ನು ನೋಡಿತು, ತುಟಿ ಕೆಳಗಾಯಿತು, ಅತ್ತಿತು. ಹಸಿವಿನ ಅಳು ಗೊತ್ತು, ಹೊಟ್ಟೆನೋವಿನ ಅಳು ಗೊತ್ತು. ಇದು ‘ನೀನೂನಾ?’ ಎನ್ನುವ ಅಳು. ಗಿಲಕಿಯನ್ನು ಎಸೆದೆ. ಅದು ಗೋಡೆಗೆ ಬಡಿದು ಇನ್ನೆರಡು ಮಕ್ಕಳು ಎದ್ದವು. ಮೇಲ್ವಿಚಾರಕಿ ಮೂರು ಎಂದು ಬರೆದುಕೊಂಡು ಹೋದಳು. ಮೂರು ಮಕ್ಕಳು ಕಲಿತವಂತೆ. ಪಕ್ಕದ ಬೀದಿಯ ಕೇಂದ್ರದಲ್ಲಿ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ ಎಬ್ಬಿಸುತ್ತಾರೆ. ಅವರನ್ನು ಬೈಯಲು ಹೋದೆ. ಅಲ್ಲಿನವಳು “ಬಾಡಿಗೆ ನೀವು ಕಟ್ತೀರಾ ಅಕ್ಕ?” ಅಂದಳು, ತಿರುಗಿ ಬಂದೆ.

ಮಲಗಿದ ಮಗುವನ್ನು ನೋಡಿಕೊಳ್ಳುವುದು ಕೆಲಸವಲ್ಲ ಎಂದು ನಿಮ್ಮ ಲೆಕ್ಕ. ಹನ್ನೊಂದು ಮಕ್ಕಳು ಮಲಗಿದಾಗ ನಾನು, ಜೊತೆಯವಳು, ಆಯಾ, ಮೂವರೂ ಊಟ ಮಾಡುವುದು ನಿಂತುಕೊಂಡು, ಸರದಿಯಲ್ಲಿ, ಒಂದು ಕಣ್ಣು ಡಬ್ಬಿಯ ಮೇಲೆ, ಇನ್ನೊಂದು ಕಣ್ಣು ಹನ್ನೊಂದು ಎದೆಗಳ ಮೇಲೆ. ಒಂದು ಮಗುಚಿಕೊಂಡು ಮೂಗು ಚಾಪೆಗೆ ಒತ್ತಿರುತ್ತದೆ. ಒಂದಕ್ಕೆ ಕುಡಿದ ಹಾಲು ಗಂಟಲಿಗೆ ಬರುತ್ತದೆ. ಎದ್ದ ಮಗು ಬೇಕಾದ್ದನ್ನು ಕೂಗಿ ಹೇಳುತ್ತದೆ. ಮಲಗಿದ್ದು ಹೇಳುವುದಿಲ್ಲ, ಅದಕ್ಕೇ ಹೆಚ್ಚು ಹೆದರಿಕೆ.

ಈಗ ಗೂಬೆಮರಿಯ ವಿಷಯ. ಏಳು ತಿಂಗಳ ಹೆಣ್ಣು ಕೂಸು, ಕಣ್ಣು ಎಷ್ಟು ದೊಡ್ಡವೆಂದರೆ ಆಯಾ ಅದಕ್ಕೆ ಆ ಹೆಸರಿಟ್ಟಳು. ಅಮ್ಮ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವಲ್ಲಿ ರಾತ್ರಿ ಪಾಳಿ. ಮನೆಯಲ್ಲಿ ಮತ್ತೊಬ್ಬರಿಲ್ಲ. ಕೂಸನ್ನು ಕಟ್ಟಿಕೊಂಡೇ ಹೋಗುತ್ತಾಳೆ. ಯಂತ್ರಗಳ ಗದ್ದಲ, ದೀಪ, ಬಿಸಿ ಹಬೆ, ಅದಕ್ಕೆ ಅಲ್ಲಿ ನಿದ್ದೆಯೆಲ್ಲಿ? ಬೆಳಿಗ್ಗೆ ನಮ್ಮಲ್ಲಿ ತಂದು ಬಿಟ್ಟ ಕೂಡಲೇ ಮಲಗುತ್ತದೆ. ಅಮ್ಮನೂ ಮನೆಗೆ ಹೋಗಿ ಮಲಗುತ್ತಾಳೆ. ಸಂಜೆ ಬರುತ್ತಾಳೆ, ಕೂಸು ಆಗ ಕಣ್ಣು ಬಿಟ್ಟು ನಗುತ್ತದೆ. ನಿಮ್ಮ ಲೆಕ್ಕದಲ್ಲಿ ಗೂಬೆಮರಿ ಸೊನ್ನೆ. ದಿನವೆಲ್ಲ ನಮ್ಮಲ್ಲಿದ್ದರೂ ಅದು ಬಂದೇ ಇಲ್ಲ.

ಹಣ ಹೊಂದದಿದ್ದರೆ ಎರಡರಲ್ಲೊಂದು ಆಗಬೇಕು. ಆಯಾಳನ್ನು ಬಿಡಿಸಬೇಕು, ಇಲ್ಲ ಗೂಬೆಮರಿಯನ್ನು ಬೇಡ ಎನ್ನಬೇಕು. ನಾನು ಎರಡೂ ಮಾಡುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ಹಟಕ್ಕೆ ಯಾರೂ ಅನುದಾನ ಕೊಡುವುದಿಲ್ಲ, ಗೊತ್ತು.

ಬರೆದವರು ಯಾರು?

ಅತ್ತಿಗೆ


ಆಗಸ್ಟ್ 2

ಅತ್ತಿಗೆ,

ನಾನು. ಸಾಕೇ?

ಆ ಸಾಲನ್ನು ಬರೆದದ್ದು ನಾನೇ, ಮತ್ತೆ ಅದೇ ಮೀಟಿಂಗಿನಲ್ಲಿ ಕೂರಿಸಿದರೆ ಮತ್ತೆ ಬರೆಯುತ್ತೇನೆ. ನೀವು ಬಾಗಿಲಲ್ಲಿ ನಿಂತು ಬೈಯಬಹುದು, ಗಿಲಕಿ ಎಸೆಯಬಹುದು. ನನಗೆ ಎಸೆಯಲು ಏನಿದೆ? ಆ ಉದ್ದ ಮೇಜಿನ ಆ ತುದಿಯಲ್ಲಿ ಹಣಕಾಸಿನ ಅಧಿಕಾರಿಯೊಬ್ಬರು ಕೂರುತ್ತಾರೆ. ನಾವು ಹಿಂದಿನಿಂದ ಅವರನ್ನು ಕತ್ತರಿ ಸಾಹೇಬರು ಎನ್ನುತ್ತೇವೆ. ಪೂರ್ತಿ ಬಾಬತ್ತನ್ನು ಹೊಡೆದುಹಾಕಲು ಪೆನ್ನು ತೆಗೆದೇ ಬಂದಿದ್ದರು. “ಅರ್ಧ ದಿನ ಮಲಗೇ ಇರ್ತಾವಲ್ರೀ, ಮಲಗಿರೋದಕ್ಕೆ ಯಾಕ್ರೀ ದುಡ್ಡು? ಹಾಸಿಗೆಗೂ ಸಂಬಳ ಕೊಡೋಣ್ವಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅತ್ತಿಗೆ, ಬರೆದುಕೊಳ್ಳಿ, ನಾನೂ ನಕ್ಕೆ. ನಗುತ್ತಲೇ “ಹಾಗಾದ್ರೆ ಮಲಗಿರೋ ಹೊತ್ತು ಬಿಟ್ಟು ಕೊಡಿ ಸಾರ್, ಎದ್ದಿರೋ ಹೊತ್ತನ್ನಾದ್ರೂ ಉಳಿಸಿ” ಅಂದೆ. ಅವರು ಪೆನ್ನು ಮುಚ್ಚಿದರು. ನಾನು ಆ ದಿನ ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ನಾನು ಆ ಮಾತು ಆಡದಿದ್ದರೆ ನಿಮಗೆ ಅರ್ಧವೂ ಬರುತ್ತಿರಲಿಲ್ಲ. ಗೂಬೆಮರಿಯ ಜೊತೆ ಉಳಿದ ಹತ್ತೂ ಬೀದಿಗೆ ಬೀಳುತ್ತಿದ್ದವು. ಇದನ್ನು ಯಾರೂ ಪೋಸ್ಟರಿನಲ್ಲಿ ಬರೆಸುವುದಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನಿಮಗೆ ಸುಲಭ, ಯಾಕೆಂದರೆ ನಿಮ್ಮ ಕಾಗದ ಓದುವವಳು ಇಡೀ ಕಚೇರಿಯಲ್ಲಿ ನಾನೊಬ್ಬಳೇ.

ನಾದಿನಿ


ಆಗಸ್ಟ್ 6

ಕಡ್ಡಿ,

ಒಂದೇ ಪ್ರಶ್ನೆ.

ನೀನು ನೌಕರಿಯ ಪರೀಕ್ಷೆಗೆ ಓದಿದ್ದು ಯಾವ ಹೊತ್ತಿನಲ್ಲಿ? ನಿನ್ನ ಯಜಮಾನರು ದೂರದೂರಿನಲ್ಲಿದ್ದರು, ನೀನು ಕೈಗೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದೆ. ಬುಗುರಿಯನ್ನು ಮಧ್ಯಾಹ್ನ ನನ್ನ ತೊಡೆಯ ಮೇಲೆ ಮಲಗಿಸಿ ನೀನು ಮಹಡಿ ಹತ್ತುತ್ತಿದ್ದೆ. ಎದ್ದಿದ್ದಾಗ ಅವಳು ನಿನ್ನನ್ನು ಒಂದು ಪುಟ ತಿರುವಲು ಬಿಡುತ್ತಿರಲಿಲ್ಲ. ನೀನು ಓದಿದ್ದು, ಬರೆದದ್ದು, ಪಾಸಾದದ್ದು, ಆ ಉದ್ದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡದ್ದು, ಎಲ್ಲ ಅವಳ ನಿದ್ದೆಯಲ್ಲಿ. ಆ ನಿದ್ದೆಯನ್ನು ಕೂತು ಕಾದದ್ದು ಯಾರು ಎಂದು ನಾನು ಇವತ್ತಿನವರೆಗೆ ಆಡಿಲ್ಲ. ಆಡಬಾರದು ಅಂದುಕೊಂಡಿದ್ದೆ. ಮನೆಯವರ ನಡುವೆ ಅದು ಆಡುವ ಮಾತಲ್ಲ.

ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಏಣಿಗೆ ಕೆಲಸವೇ ಇರಲಿಲ್ಲ ಎಂದು ಸುತ್ತೋಲೆ ಹೊರಡಿಸಿದವಳು ನೀನೊಬ್ಬಳೇ.

ಅತ್ತಿಗೆ


ಅಕ್ಟೋಬರ್ 1

ಅತ್ತಿಗೆ,

ಇದಕ್ಕೂ ಮುಂಚೆ ಎರಡು ಕಾಗದ ಬರೆದು ಹರಿದೆ. ಅಣ್ಣನಿಗೆ ಫೋನ್ ಮಾಡಿದರೆ “ಅವಳು ಚೆನ್ನಾಗಿದ್ದಾಳೆ, ಮಕ್ಕಳೂ ಚೆನ್ನಾಗಿವೆ” ಎಂದು ಇಟ್ಟುಬಿಡುತ್ತಾರೆ. ಅವರ ಹಿಂದೆ ನಿಮ್ಮ ದನಿ ಕೇಳುತ್ತದೆ. ನೀವು ಫೋನಿಗೆ ಬರುವುದಿಲ್ಲ.

ಬುಗುರಿ ಹಾಸ್ಟೆಲಿನಿಂದ ಬಂದಿದ್ದಳು. ನಿಮ್ಮ ಆಗಸ್ಟಿನ ಕಾಗದ ಅವಳ ಕೈಗೆ ಸಿಕ್ಕಿತು. ಓದಿದಳು. ರಾತ್ರಿ ಊಟಕ್ಕೆ ಕೂತಾಗ “ನಾನು ತುಂಬಾ ಮಲಗ್ತಿದ್ನಾ ಅಮ್ಮ?” ಎಂದು ಕೇಳಿದಳು. ತುಂಬಾ ಅಂದೆ.

ಗೂಬೆಮರಿ ಇನ್ನೂ ಬರುತ್ತಿದೆಯೇ? ಅದೊಂದನ್ನಾದರೂ ತಿಳಿಸಿ.

ನಿಮ್ಮ
ನಾದಿನಿ


ಅಕ್ಟೋಬರ್ 9

ಕಡ್ಡಿ,

ಬರುತ್ತಿದೆ. ಹೇಗೆ ಬರುತ್ತಿದೆ ಎಂದು ಹೇಳುತ್ತೇನೆ, ಕುಳಿತುಕೊಂಡು ಓದು.

ಆಯಾ ಹೋದಳು. ನಾನು ಕಳಿಸಲಿಲ್ಲ. ಒಂದು ಸಂಜೆ ಬೀಗದ ಕೈ ತಂದು ನನ್ನ ಮುಂದಿಟ್ಟು, “ನೀವು ಇಬ್ಬರಲ್ಲಿ ಒಬ್ಬರನ್ನ ಆರಿಸೋಕೆ ಒದ್ದಾಡ್ತಿದ್ದೀರಿ. ನಂಗೆ ಕಾಲಿದೆ, ನಡ್ಕೊಂಡು ಹೋಗ್ತೀನಿ. ಅದಕ್ಕೆ ನಡೆಯೋಕೂ ಬರೋಲ್ಲ” ಅಂದಳು. ಈಗ ಯಾವುದೋ ಮದುವೆ ಛತ್ರದಲ್ಲಿ ಪಾತ್ರೆ ತೊಳೆಯುತ್ತಾಳೆ. ಹನ್ನೊಂದು ಮಕ್ಕಳಿಗೆ ನಾವಿಬ್ಬರು ಉಳಿದಿದ್ದೇವೆ.

ಆಯಾ ಹೋದದ್ದು ಯಾಕೆಂದು ಗೂಬೆಮರಿಯ ಅಮ್ಮನಿಗೆ ಯಾರೋ ಹೇಳಿದರು. ಹೇಳದೆ ಇರುತ್ತಾರೆಯೇ, ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಮರುದಿನದಿಂದ ಕೂಸು ಎದ್ದುಕೊಂಡೇ ಬರತೊಡಗಿತು. ದೊಡ್ಡ ಕಣ್ಣು ಇನ್ನೂ ದೊಡ್ಡದು ಮಾಡಿಕೊಂಡು, ಅತ್ತು ಅತ್ತು ಮೂಗು ಕೆಂಪಗೆ. “ನೋಡಿ ಅಕ್ಕ, ಎದ್ದಿದ್ದಾಳೆ, ಎದ್ದಿದ್ದಾಳೆ, ಬರ್ಕೊಳ್ಳೋಕೆ ಹೇಳಿ” ಎನ್ನುತ್ತಾ ಅಮ್ಮ ಕೈಗೆ ಕೊಟ್ಟು ಓಡುವಳು. ನಾನು ಏನೋ ಹಲ್ಲು ಬರುವ ಕಾಟ ಇರಬೇಕು ಅಂದುಕೊಂಡೆ. ಇಷ್ಟು ವರ್ಷ ಮಕ್ಕಳನ್ನು ನೋಡಿದವಳು, ಹಲ್ಲು ಅಂದುಕೊಂಡೆ!

ಮೊನ್ನೆ ಕಾಲುಚೀಲ ತೆಗೆದು ಕಾಲು ತೊಳೆಯಲು ಹೋದೆ. ಅಂಗಾಲಿನ ತುಂಬ ಸಣ್ಣ ಸಣ್ಣ ಕೆಂಪು ಗುರುತು. ಕೆಲವು ಹಳೆಯವು, ಕೆಲವು ಅವತ್ತಿನವು. ಉಗುರಿನ ಗುರುತು.

ಸಂಜೆ ಅಮ್ಮ ಬಂದಾಗ ಬಾಗಿಲು ಹಾಕಿ ಕೇಳಿದೆ. ಹೊಡೆದುಬಿಡುತ್ತೇನೋ ಎಂದು ನನಗೇ ಹೆದರಿಕೆಯಿತ್ತು. ಅವಳು ನೆಲ ನೋಡಿದಳು. “ದಾರೀಲಿ ನಿದ್ದೆ ಹೋಗ್ತಾಳಕ್ಕ. ಎಷ್ಟು ಮಾತಾಡ್ಸಿದ್ರೂ ಹೋಗ್ತಾಳೆ. ಅಂಗಾಲು ಚಿವುಟಿದ್ರೆ ಮಾತ್ರ ಎದ್ದಿರ್ತಾಳೆ. ನೀವು ಬೇಡ ಅಂದ್ರೆ ನಾನೆಲ್ಲಿ ಹೋಗ್ಲಿ? ನಂಗೆ ನೋವಾಗಲ್ವಾ ಅಕ್ಕ?” ಅಂದಳು. ಅಂದು ತನ್ನ ಕೈಯನ್ನೇ ಕಚ್ಚಿಕೊಂಡಳು. ಅವಳ ಬೆರಳುಗಳು ಸೋಪಿನ ನೀರಿಗೆ ಬಿಳಿಚಿ ಬಿರುಕುಬಿಟ್ಟಿದ್ದವು. ಹೊಡೆಯಲು ಎತ್ತಿದ ಕೈ ಎಲ್ಲಿಡಲಿ ಎಂದು ನನಗೆ ತಿಳಿಯಲಿಲ್ಲ.

ಮಗುವನ್ನು ಚಿವುಟಿ ತೊಟ್ಟಿಲು ತೂಗುತ್ತೀರಿ ಎಂದು ಜೂನಿನಲ್ಲಿ ನಿನಗೆ ಬರೆದಿದ್ದೆ. ಗಾದೆ ಅಂದುಕೊಂಡು ಬರೆದಿದ್ದೆ ಕಣೇ. ನಿನ್ನ ಸಾಲು ಅದನ್ನು ನಿಜ ಮಾಡಿತು. ಚಿವುಟಲು ನಿಮ್ಮ ಕೈಯೂ ಬೇಕಾಗಲಿಲ್ಲ, ಹೆತ್ತವಳ ಉಗುರನ್ನೇ ಎರವಲು ತೆಗೆದುಕೊಂಡಿರಿ.

ಹನ್ನೆರಡರಿಂದ ಎರಡರವರೆಗೆ ಮಕ್ಕಳು ಮಲಗುತ್ತವೆ, ಆಗ ಯಾರೂ ಏನೂ ಮಾಡಬೇಕಾಗಿಲ್ಲ ಎಂದು ತಾನೇ ನಿಮ್ಮ ಲೆಕ್ಕ? ಸರಿ. ಬರುವ ಶುಕ್ರವಾರ ಆ ಎರಡು ಗಂಟೆ ನಾವೂ ಏನೂ ಮಾಡುವುದಿಲ್ಲ. ಹನ್ನೊಂದು ಮಕ್ಕಳನ್ನೂ ನಿಮ್ಮ ಕಚೇರಿಗೆ ತಂದು ಮಲಗಿಸುತ್ತೇವೆ. ತಾಯಂದಿರನ್ನು ಕೇಳಿದ್ದೇನೆ, ಒಬ್ಬಳೂ ಬೇಡ ಅನ್ನಲಿಲ್ಲ. ನಿಮ್ಮಣ್ಣ ವ್ಯಾನು ಗೊತ್ತು ಮಾಡಿದ್ದಾರೆ. ಗೇಟಿನಲ್ಲಿ ತಡೆಸುವುದಾದರೆ ತಡೆಸು. ಹೇಳದೆ ಬಂದಳು ಎಂದು ಆಮೇಲೆ ಅನ್ನಬಾರದೆಂದು ಬರೆದಿದ್ದೇನೆ.

ಅತ್ತಿಗೆ


ಅಕ್ಟೋಬರ್ 24

ಅತ್ತಿಗೆ,

ಶುಕ್ರವಾರ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು, ಒಂದು ಮಾತೂ ಆಡಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನೀವು ಊಟಕ್ಕೆ ಹೋದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ, ಆಮೇಲೆ ನಡೆದದ್ದೂ ಗೊತ್ತಿಲ್ಲ.

ನಿಮ್ಮ ಕಾಗದ ಓದಿ ಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಬಂದು ಎರಡು ಕೆಲಸ ಮಾಡಿದೆ. ಗೇಟಿನವನಿಗೆ “ಶುಕ್ರವಾರ ಒಂದು ವ್ಯಾನು ಬರುತ್ತೆ, ನನ್ನ ಅತಿಥಿಗಳು” ಅಂದೆ. ಕತ್ತರಿ ಸಾಹೇಬರಿಗೆ ಅದೇ ದಿನ ಹನ್ನೆರಡು ಗಂಟೆಗೆ ಮೀಟಿಂಗ್ ಇಟ್ಟೆ, ಅದೇ ಉದ್ದ ಮೇಜಿನ ಕೋಣೆಯಲ್ಲಿ.

ನೀವು ಬಂದು ಮೇಜನ್ನು ಗೋಡೆಗೆ ತಳ್ಳಿಸಿದಾಗ, ಚಾಪೆ ಹಾಸಿದಾಗ, ಅವರೆಲ್ಲ ಇದೇನೋ ಕಾರ್ಯಕ್ರಮ ಅಂದುಕೊಂಡಿದ್ದರು. ಒಬ್ಬರು ಫೋಟೋ ತೆಗೆಯಲು ಫೋನನ್ನೂ ತೆಗೆದರು. ಹಾಲು ಕುಡಿದು ಮಕ್ಕಳು ಒಂದೊಂದಾಗಿ ಮಲಗಿದ ಮೇಲೆ ನೀವು ಸೆರಗು ಕೊಡವಿಕೊಂಡು ಎದ್ದು ನಿಂತಿರಿ. “ಇವೆಲ್ಲ ಮಲಗಿವೆ. ಮಲಗಿದ ಮಗೂಗೆ ಯಾರೂ ಬೇಕಿಲ್ಲ ಅಂತ ನೀವೇ ಬರೆದಿದ್ದೀರಿ. ನಾವು ಊಟ ಮಾಡಿ ಬರ್ತೀವಿ” ಅಂದಿರಿ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನನ್ನ ಕೈಗಳನ್ನು ನೋಡಿದಿರಿ. ಮುಖವನ್ನಲ್ಲ, ಕೈಗಳನ್ನು. ಅಷ್ಟು ಸಿಟ್ಟಿನಲ್ಲೂ ನನ್ನ ಕೈಗೆ ಬಿಟ್ಟು ಹೋದಿರಿ ಎಂದು ನನಗೆ ಗೊತ್ತಾಯಿತು.

ಮೊದಲು ಎಲ್ಲರೂ ಪಿಸುಗುಟ್ಟಿದರು. ಯಾರದೋ ಫೋನು ಬಡಿದುಕೊಂಡಿತು, ಎಂಟು ಜನ ಒಟ್ಟಿಗೆ ಶ್ ಅಂದರು. ಆಮೇಲೆ ಒಂದು ಮಗು ಮಗುಚಿತು. ಮತ್ತೊಂದು ಉರುಳಿ ಮೇಜಿನ ಕಾಲಿಗೆ ತಲೆ ಕೊಡುವುದರಲ್ಲಿತ್ತು. ಅಧಿಕಾರಿಗಳು ಕುರ್ಚಿ ಬಿಟ್ಟು ನೆಲಕ್ಕಿಳಿದರು. ಕತ್ತರಿ ಸಾಹೇಬರ ಪಕ್ಕದಲ್ಲಿ ಗೂಬೆಮರಿ ಇತ್ತು. ಅವರು ಕೈಕಟ್ಟಿ ಕಿಟಕಿ ನೋಡುತ್ತಿದ್ದರು. ಕೂಸಿನ ಬಾಯಿಂದ ಹಾಲು ಬಂತು, ಕೆಮ್ಮಿತು, ಮುಖ ಕೆಂಪಾಯಿತು.

“ಏನೋ ಆಗ್ತಿದೆ! ಬನ್ನಿ, ಯಾರಾದ್ರೂ ಬನ್ರೀ!” ಎಂದು ಸಾಹೇಬರು ಕೂಗಿದರು.

ಓಡಿಹೋಗಿ ಪಕ್ಕಕ್ಕೆ ತಿರುಗಿಸಿ ಬಾಯಿ ಒರೆಸಿ ಬೆನ್ನು ತಟ್ಟಿದೆ. ಒಂದು ಕ್ಷಣದ ಕೆಲಸ. ಕೂಸು ಮತ್ತೆ ಮಲಗಿತು. ಸಾಹೇಬರು ಮಾತ್ರ ಕಣ್ಣು ಮಿಟುಕಿಸಲಿಲ್ಲ. ಉಳಿದ ಹೊತ್ತೆಲ್ಲ ನೆಲದ ಮೇಲೆ ಕೂತು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಲೇ ಇದ್ದರು. ಅವರಿಗೆ ಬುದ್ಧಿ ಬಂತು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ನೀವು ಬಂದು ಮಕ್ಕಳನ್ನು ಎತ್ತಿಕೊಂಡು ಹೋದ ಮೇಲೆ ನನ್ನ ಮೇಲೆ ಎಗರಾಡಿದರು, ನಿರ್ದೇಶಕರಿಗೆ ದೂರು ಬರೆದರು. ನನಗೆ ನೋಟಿಸು ಬಂತು, ಜೊತೆಗೆ ಆ ದೂರಿನ ಪ್ರತಿ.

ಅದರ ಒಂದು ವಾಕ್ಯ ನಿಮಗಾಗಿ ಹಾಗೆಯೇ ಇಳಿಸಿದ್ದೇನೆ: “ಮಲಗಿದ್ದ ಮಕ್ಕಳ ಮೇಲೆ ಸತತವಾಗಿ ನಿಗಾ ಇಡಬೇಕಾಗಿ ಬಂದುದರಿಂದ, ಎರಡು ಗಂಟೆಗಳ ಕಾಲ ಎಂಟು ಮಂದಿ ಅಧಿಕಾರಿಗಳು ಬೇರಾವ ಕೆಲಸವನ್ನೂ ಮಾಡಲು ಸಾಧ್ಯವಾಗಿರುವುದಿಲ್ಲ.” ಕೆಳಗೆ ಅವರ ಸಹಿ, ಮೊಹರು.

ನೋಟಿಸಿಗೆ ನಾನು ಉತ್ತರ ಬರೆಯಲಿಲ್ಲ. ಹೊಸ ಕಡತ ತೆರೆದೆ. ‘ಮಲಗಿರುವ ಮಕ್ಕಳ ಮೇಲ್ವಿಚಾರಣೆಯು ಪೂರ್ಣಾವಧಿ ಕೆಲಸವೆಂದು ಹಣಕಾಸಿನವರೇ ಲಿಖಿತವಾಗಿ ಒಪ್ಪಿರುವುದರಿಂದ ನಿದ್ದೆಯ ಗಂಟೆಗಳಿಗೂ ಅನುದಾನ ಕೊಡತಕ್ಕದ್ದು’ ಎಂದು ಬರೆದು, ಅವರ ದೂರನ್ನೇ ಮೇಲಿಟ್ಟು, ನೇರ ನಿರ್ದೇಶಕರಿಗೆ ಕೊಟ್ಟೆ. ಅವರು ಓದಿ ಕಡತವನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಆಗಸ್ಟಿನ ನಿಮ್ಮ ಪ್ರಶ್ನೆಗೆ ಉತ್ತರ: ನಾನು ಓದಿದ್ದು ಮಧ್ಯಾಹ್ನದ ಹೊತ್ತಿನಲ್ಲಿ.

ನೀವೂ ನಿಮ್ಮ ಜೊತೆಯವಳೂ ಕ್ಯಾಂಟೀನಿನಲ್ಲಿ ಎದುರು ಬದುರು ಕೂತು, ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ನಿಮ್ಮ
ಕಡ್ಡಿ


ಡಿಸೆಂಬರ್ 12

ಕಡ್ಡಿ,

ಹೊಸ ಸುತ್ತೋಲೆ ಬಂತು. ಮಗು ಕೇಂದ್ರದಲ್ಲಿರುವ ಎಲ್ಲ ಹೊತ್ತಿಗೂ ಅನುದಾನ, ಮಲಗಿರಲಿ, ಎದ್ದಿರಲಿ. ಕಳೆದ ತಿಂಗಳುಗಳದ್ದು ಕೊಡುವುದಿಲ್ಲವಂತೆ. ನಿನ್ನನ್ನು ಹಳೆ ಕಡತಗಳ ವಿಭಾಗಕ್ಕೆ ಎತ್ತಂಗಡಿ ಮಾಡಿದ್ದನ್ನು ಬುಗುರಿ ಹೇಳಿದಳು. ನೀನು ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದವರು ಕತ್ತಲ ಕೋಣೆಯಲ್ಲಿ, ಹಾಸಿಗೆಗೆ ಸಂಬಳ ಕೊಡೋಣ್ವಾ ಅಂದವರು ಈಗಲೂ ಅದೇ ಕುರ್ಚಿಯಲ್ಲಿ. ನನ್ನ ಸಿಟ್ಟು ಇಳಿದಿರಬೇಕು ಎಂದು ನಿಮ್ಮಣ್ಣ ದಿನಾ ಮುಖ ನೋಡುತ್ತಾರೆ. ಇಳಿದಿಲ್ಲ. ನಿನ್ನ ಮೇಲಿನದು ಇಳಿದಿದೆ, ಅದನ್ನೂ ಸೇರಿಸಿ ಅವರ ಮೇಲೆ ಇಟ್ಟಿದ್ದೇನೆ.

ಗೆದ್ದೆವು ಎಂದು ಬರೆಯಬೇಡ. ಆಯಾಳನ್ನು ಕರೆಯಲು ಛತ್ರಕ್ಕೆ ಹೋಗಿದ್ದೆ. “ಮತ್ತೆ ಬರೋ ವರ್ಷ ಇನ್ನೇನು ಕತ್ತರಿಸ್ತಾರೋ, ಇಲ್ಲಿ ಪಾತ್ರೆಗಳು ಎಚ್ಚರವಾಗಿವೆಯೇ ಅಂತ ಯಾರೂ ಕೇಳಲ್ಲಮ್ಮ” ಅಂದಳು. ಬರಲಿಲ್ಲ. ಕಡತಗಳ ವಿಭಾಗದಲ್ಲಿ ಮಧ್ಯಾಹ್ನ ಕೆಲಸವಿರುವುದಿಲ್ಲ ಎಂದು ಕೇಳಿದ್ದೇನೆ. ರಜಾ ಹಾಕಿ ಬಾ. ಇಲ್ಲಿ ಎರಡು ಕೈ ಕಡಿಮೆ ಇವೆ, ನಿನ್ನವು ಇನ್ನೂ ಕೆಲಸ ಮರೆತಿಲ್ಲ.

ಗೂಬೆಮರಿಗೆ ವರ್ಷ ತುಂಬಿತು. ಗೋಡೆ ಹಿಡಿದು ಎದ್ದು ನಿಲ್ಲುತ್ತಾಳೆ. ಈಗ ದಾರಿಯಲ್ಲೇ ಮಲಗಿಕೊಂಡು ಬರುತ್ತಾಳೆ, ಅಮ್ಮನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ. ಅಂಗಾಲಿನ ಗುರುತೆಲ್ಲ ಮಾಸಿದೆ. ಆದರೆ ನಿದ್ದೆಯಲ್ಲಿದ್ದಾಗ ಹೊದಿಕೆ ಸರಿಮಾಡಲು ಹೋಗಿ ಯಾರ ಕೈಯಾದರೂ ಪಾದಕ್ಕೆ ತಾಗಿದರೆ ತಟ್ಟನೆ ಮಂಡಿ ಮಡಚಿ ಕಾಲನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾಳೆ. ಕಣ್ಣು ತೆರೆಯುವುದಿಲ್ಲ, ಅಳುವುದಿಲ್ಲ. ಅಮ್ಮ ಮುಟ್ಟಿದರೂ ಹಾಗೇ. ನಿನ್ನೆ ಅವಳು ಅದನ್ನು ನೋಡಿ ಬಾಗಿಲ ಬಳಿ ಕೂತುಬಿಟ್ಟಳು.

ಆ ಕಲಿಕೆಯ ಗಂಟೆಗಳಲ್ಲಿ ಮಗು ಏನು ಕಲಿಯಿತು ಎಂದು ನಿಮ್ಮವರು ಯಾರಾದರೂ ಕೇಳಿದರೆ ಅದನ್ನು ಹೇಳು. ಒಂದು ಸಲ ಹೇಳಿಕೊಟ್ಟದ್ದನ್ನು ನಿದ್ದೆಯಲ್ಲೂ ಮರೆಯುವುದಿಲ್ಲ.

ನಿನ್ನ ಅತ್ತಿಗೆ